ಎರಡು ಸುಣ್ಣದ ಬೊಟ್ಟು

ನನ್ನ ಷಡ್ಡಕ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಅವನ ಅಂಗಿಯ ಕಾಲರಿಗೆ ಒಂದು ದಿನವೂ ಕಪ್ಪು ಹತ್ತಿದ್ದನ್ನು ನಾನು ಕಂಡಿಲ್ಲ. ನಾನು ಸಿಂಧನೂರಿನಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಭತ್ತ ಕೊಯ್ಯುವ ಮಷೀನುಗಳ ಎಂಜಿನ್ ಬಿಚ್ಚಿ ಜೋಡಿಸುವವನು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ನನ್ನ ಉಗುರಿನ ಸಂದಿಯ ಗ್ರೀಸು ಹೋಗುವುದಿಲ್ಲ. ಇಬ್ಬರೂ ಲಿಂಗಸುಗೂರಿನ ಒಂದೇ ಮನೆಯ ಅಳಿಯಂದಿರು. ಆದರೆ ನಾನು ಆ ಮನೆಗೆ ಅಳಿಯನಾಗುವ ಮೊದಲು ಒಂಬತ್ತು ವರ್ಷ ಶಿಷ್ಯನಾಗಿದ್ದೆ. ಈ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ನನ್ನ ಸಂಕಟ.

ಮಾವ ಮುದಗಲ್ ರಸ್ತೆಯಲ್ಲಿ ಎಂಜಿನ್ ಶೆಡ್ ಇಟ್ಟಿದ್ದರು. ಅವರನ್ನು ಊರೆಲ್ಲ ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಅವರಿಗೆ ಎಲೆ ಅಡಿಕೆಯ ಚಟ. ಸುಣ್ಣದ ಡಬ್ಬಿ ಸದಾ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಆ ಸುಣ್ಣಕ್ಕೆ ಶೆಡ್ಡಿನಲ್ಲಿ ಇನ್ನೊಂದು ಕೆಲಸವಿತ್ತು. ಎರಡು ಭಾಗ ಕೂಡಿರುವ ಜಾಗವನ್ನು ಬಿಚ್ಚುವ ಮೊದಲು ಬಟ್ಟೆಯಿಂದ ಒರೆಸಿ, ಈ ಕಡೆಗೊಂದು, ಆ ಕಡೆಗೊಂದು, ಎದುರುಬದುರು ಎರಡು ಬೊಟ್ಟು ಇಡಬೇಕು. ತಿರುಗಿ ಜೋಡಿಸುವಾಗ ಬೊಟ್ಟಿಗೆ ಬೊಟ್ಟು ಕೂಡಿದರೆ ಎಲ್ಲವೂ ಮೊದಲಿನ ಜಾಗಕ್ಕೆ ಬಂತು ಎಂದರ್ಥ.

"ಬಿಚ್ಚೂದು ಯಾವ ಮಗಾದ್ರೂ ಬಿಚ್ಚತಾನ. ಬೊಟ್ಟು ಇಡದ ಸ್ಪ್ಯಾನರ್ ಹಚ್ಚಿದ್ರ ಕೈ ಮುರೀತೀನಿ ನೋಡಲೇ," ಎನ್ನುತ್ತಿದ್ದರು.

ಕೈ ಮುರಿಯಲಿಲ್ಲ. ಆದರೆ ಒಮ್ಮೆ ನಾನು ಬೊಟ್ಟು ಮರೆತಾಗ ಇಡೀ ಮಧ್ಯಾಹ್ನ ನನ್ನೊಂದಿಗೆ ಮಾತಾಡಲಿಲ್ಲ. ಅಂದಿನಿಂದ ಬೊಟ್ಟು ನನ್ನ ಕೈಗೆ ಹತ್ತಿಬಿಟ್ಟಿತು. ಈಗಲೂ ನನ್ನ ಅಂಗಡಿಯಲ್ಲಿ ಸುಣ್ಣದ ಡಬ್ಬಿ ಇದೆ, ಎಲೆ ಅಡಿಕೆ ಮಾತ್ರ ಇಲ್ಲ.

ಮುಂದೆ ಅವರೇ ಹಿರಿಯ ಮಗಳನ್ನು ನನಗೆ ಕೊಟ್ಟರು. ಅಕ್ಷತೆ ಬಿದ್ದ ಮರುದಿನ ಮನೆಗೆ ಹೋದರೆ, "ಬರ್ರಿ ಅಳಿಯಂದ್ರ, ಕುಂದರ್ರಿ," ಎಂದರು. ಒಂಬತ್ತು ವರ್ಷ "ಲೇ" ಎಂದವರ ಬಾಯಲ್ಲಿ "ರೀ" ಬಂತು. ಹೆಂಡತಿ ಬಂದಳು, ಲೇ ಹೋಯಿತು. ನಾನೂ ಉಸ್ತಾದ್ ಎನ್ನುವುದನ್ನು ಬಿಟ್ಟು ಮಾವಾರ ಎನ್ನಬೇಕಾಯಿತು. ಮರ್ಯಾದೆ ಬಂದಿತು ಎಂದು ನಮ್ಮವ್ವ ಹಿಗ್ಗಿದಳು. ನನಗೆ ಮಾತ್ರ ಶೆಡ್ಡಿನಿಂದ ಹೊರಗೆ ಹಾಕಿದಂತಾಗಿತ್ತು.

ಮೂರು ವರ್ಷದ ಹಿಂದೆ ಮಾವನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಶೆಡ್ ಮುಚ್ಚಿದರು. ಅಂದಿನಿಂದ ಪ್ರತಿ ರವಿವಾರ ನಾನು ಸಿಂಧನೂರಿನಿಂದ ಹೋಗಿ ಆ ವಾರದ ಕೆಟ್ಟ ಎಂಜಿನ್ನುಗಳ ವರದಿ ಒಪ್ಪಿಸುತ್ತಿದ್ದೆ. ಗೊರೇಬಾಳದ ಟ್ರ್ಯಾಕ್ಟರು ಬಿಳಿ ಹೊಗೆ ಬಿಡುತ್ತಿದೆ, ಕಾಲುವೆ ಮೇಲಿನ ಪಂಪು ಅರ್ಧ ತಾಸಿಗೆ ಕಾಯುತ್ತದೆ, ಹೀಗೆ. ಅವರು ಕಣ್ಣು ಮುಚ್ಚಿ ಕೇಳಿ ರೋಗ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ರೋಗಗಳು ನನಗೆ ಮೊದಲೇ ಗೊತ್ತಿರುತ್ತಿದ್ದವು. ಗೊತ್ತಿಲ್ಲದವನಂತೆ ಕೇಳುತ್ತಿದ್ದೆ. ಆ ಒಂದು ತಾಸು ಅವರೂ ಶೆಡ್ಡಿನಲ್ಲಿರುತ್ತಿದ್ದರು, ನಾನೂ ಇರುತ್ತಿದ್ದೆ.

ಹೋದ ವರ್ಷದ ಯುಗಾದಿಗೆ ಷಡ್ಡಕ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಅದರಲ್ಲಿ ವಿಮಾನ ಕಟ್ಟುವ ಒಂದು ಸಿಮ್ಯುಲೇಟರ್ ಇತ್ತು. ರೆಕ್ಕೆ, ಬಾಲ, ಚಕ್ರ, ಎಲ್ಲವನ್ನೂ ಮೌಸಿನಿಂದ ಎಳೆದು ಜೋಡಿಸಬೇಕು. ಎಂಜಿನ್ನನ್ನೂ ನಾವೇ ಮೊದಲಿನಿಂದ ಕಟ್ಟಬಹುದು. ಸರಿಯಾಗಿ ಕಟ್ಟಿದರೆ ಪರದೆಯ ಮೇಲೆ ವಿಮಾನ ಹಾರುತ್ತದೆ, ತಪ್ಪಿದರೆ ಬೀಳುತ್ತದೆ. ಮಕ್ಕಳಿಗೆ ಗಣಿತ ಕಲಿಸಲು ತಂದದ್ದಂತೆ. ಹೋಳಿಗೆ ಉಂಡು ಸುಮ್ಮನೆ ಮಾವನಿಗೆ ತೋರಿಸಿದ. ಮಾವ ಒರಗಿದ್ದವರು ಎದ್ದು ಕುಳಿತರು.

ಷಡ್ಡಕ ಒಂದು ವಿಚಿತ್ರ ಎಂಜಿನ್ನಿನ ಚಿತ್ರ ತೋರಿಸಿದ. ರೋಟರಿ ಎಂದ. ಪ್ರೊಪೆಲ್ಲರ್ ವಿಮಾನಗಳ ಮೊದಲ ಕಾಲದ್ದು. ನಡುವಿನ ಶಾಫ್ಟನ್ನು ವಿಮಾನದ ಮೈಗೆ ಬಿಗಿದಿರುತ್ತಾರೆ, ಅದು ಅಲುಗುವುದಿಲ್ಲ. ಸುತ್ತಲಿನ ಸಿಲಿಂಡರುಗಳೇ ಪಂಖದ ಸಮೇತ ಗರಗರ ತಿರುಗುತ್ತವೆ. ನಾನು ನಕ್ಕೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ನೋಡಿದ ಎಲ್ಲ ಎಂಜಿನ್ನೂ ನಿಂತಿರುತ್ತದೆ, ಶಾಫ್ಟು ತಿರುಗುತ್ತದೆ.

"ಎಂಜಿನ್ನಾ ತಿರುಗಿದ್ರ ಎಣ್ಣಿ ಪೈಪು ಯಾರ ತಲಿಗೆ ಜೋಡಸ್ತೀರಿ ಮಾಸ್ತರ?" ಎಂದೆ.

ಅತ್ತೆ ತಾಟು ಎತ್ತುತ್ತಿದ್ದವರು ಅಲ್ಲೇ ನಿಂತು ನೋಡಿದರು. "ಇದರಾಗೇನ್ ಹೊಸಾದೈತಿ? ಬೀಸೂಕಲ್ಲಿನ್ಯಾಗ ಗೂಟ ನಿಂತಿರತೈತಿ, ಮ್ಯಾಲಿನ ಕಲ್ಲು ತಿರುಗತೈತಿ. ಜ್ವಾಳಾ ನಡುಬಾಯಾಗ ಹಾಕ್ತೀವಿ," ಎಂದು ಒಳಗೆ ಹೋದರು.

ಮಾವ ತೊಡೆ ತಟ್ಟಿದರು, ಎಡಗೈಯಿಂದ. "ಕೇಳಿದೇನಲೇ ಮಾಸ್ತರ? ಎಣ್ಣಿ ಗೂಟದೊಳಗಿಂದ ಬಿಡೂಣು. ಗೂಟ ಪೊಳ್ಳ ಮಾಡಲೇ!"

ಷಡ್ಡಕ ಒಂದು ಕ್ಷಣವೂ ತಡೆಯದೆ, "ಆತ್ರಿ ಉಸ್ತಾದ್," ಎಂದ.

ಲೇ. ಉಸ್ತಾದ್. ನಾನು ಕೈಯಲ್ಲಿದ್ದ ನೀರಿನ ಚಂಬು ಕೆಳಗಿಟ್ಟೆ. ಆ ಎರಡೂ ಮಾತು ನನ್ನವು. ಒಂಬತ್ತು ವರ್ಷ ಗ್ರೀಸು ಮೆತ್ತಿಕೊಂಡು ಗಳಿಸಿದವು. ಇವನು ಹೋಳಿಗೆ ಉಂಡ ಕೈಯಲ್ಲಿ ಮೌಸು ಹಿಡಿದು ಅರ್ಧ ತಾಸಿನಲ್ಲಿ ಎರಡನ್ನೂ ಎತ್ತಿಕೊಂಡು ಹೋದ. ನನಗೆ ಆದದ್ದು ಬೇಸರವಲ್ಲ, ಅಪ್ಪಟ ಹೊಟ್ಟೆಕಿಚ್ಚು.

ಅಲ್ಲಿಂದ ನನ್ನ ರವಿವಾರಗಳು ಕೆಟ್ಟವು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಬೇಕಾದರೆ ಮಸ್ಕಿ ದಾಟಿಯೇ ಹೋಗಬೇಕು. ನಾನು ಬಸ್ಸಿನಲ್ಲಿ ಮಸ್ಕಿಗೆ ಬರುವ ಹೊತ್ತಿಗೆ ಅವನು ಅಲ್ಲಿಂದ ಹೋಗಿ ಆಗಿರುತ್ತಿತ್ತು. ಶನಿವಾರ ಅವನಿಗೆ ಅರ್ಧ ದಿನದ ಶಾಲೆ, ಮಧ್ಯಾಹ್ನವೇ ಮಾವನ ಮುಂದೆ ಹಾಜರು. ನಾನು ಹೋಗಿ ಟ್ರ್ಯಾಕ್ಟರಿನ ಸುದ್ದಿ ತೆಗೆದರೆ ಮಾವ ಪರದೆಯಿಂದ ಕಣ್ಣು ತೆಗೆಯದೆ, "ನೋಝಲ್ ನೋಡ್ರಿ ಅಳಿಯಂದ್ರ," ಎಂದು ಮುಗಿಸುತ್ತಿದ್ದರು. ಒಮ್ಮೆ ನಾನು ಬೇಕೆಂದೇ ಇಲ್ಲದ ರೋಗವೊಂದನ್ನು ಕಟ್ಟಿ ಹೇಳಿದೆ. ಅದಕ್ಕೂ ನೋಝಲ್ ಎಂದೇ ಹೇಳಿದರು.

"ನಿಮಗ ಹೊಟ್ಟಿಕಿಚ್ಚು," ಎಂದಳು ಹೆಂಡತಿ.

"ನನಗ್ಯಾಕ? ಆಟದ ಸಾಮಾನಿಗಿ?"

"ಮತ್ತ ಹ್ವಾದ ವಾರದಿಂದ ರೊಟ್ಟಿ ಹಿಂಗ್ಯಾಕ ಹರೀತೀರಿ? ರೊಟ್ಟಿ ನಿಮಗೇನ್ ಮಾಡೇತಿ?"

ನಾನೂ ಒಂದು ಹಳೆಯ ಕಂಪ್ಯೂಟರ್ ತಂದು ಅಂಗಡಿಯ ಮೂಲೆಯಲ್ಲಿ ಇಟ್ಟೆ. ಅದೇ ಸಿಮ್ಯುಲೇಟರ್ ಹಾಕಿಸಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನದೇ ಏಳು ಸಿಲಿಂಡರಿನ ರೋಟರಿ ಕಟ್ಟಿದೆ. ಒಂದೊಂದು ಭಾಗವೂ ಚೊಕ್ಕ. ಒಂದು ತಿಂಗಳು ಹಿಡಿಯಿತು. ಸ್ಟಾರ್ಟ್ ಮಾಡಿದರೆ ಎಂಜಿನ್ ಒಂದು ಸಲ ಗಕ್ ಎಂದು ನಿಂತಿತು. ಮತ್ತೆ ಮಾಡಿದೆ, ಮತ್ತೆ ಗಕ್. ಮೌಸು ಸರಿ ಇಲ್ಲ ಎಂದು ಬದಲಿಸಿದೆ. ಕಂಪ್ಯೂಟರ್ ಹಳೆಯದು ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವಾರ ಕಳೆದ ಮೇಲೆ ಕಂಡಿತು: ಶಾಫ್ಟನ್ನು ವಿಮಾನದ ಮೈಗೆ ಬಿಗಿದಿದ್ದೆ, ಸರಿ. ಆದರೆ ಪಂಪ್‌ಸೆಟ್ಟನ್ನು ನೆಲಕ್ಕೆ ಕೂರಿಸಿ ಕೂರಿಸಿ ಪಳಗಿದ ಕೈ, ಸಿಲಿಂಡರುಗಳನ್ನೂ ಮೈಗೆ ಬೋಲ್ಟ್ ಹಾಕಿ ಬಿಗಿದುಬಿಟ್ಟಿತ್ತು. ಗೂಟಕ್ಕೂ ಕಲ್ಲಿಗೂ ಎರಡಕ್ಕೂ ಹಗ್ಗ ಕಟ್ಟಿದರೆ ಏನು ತಿರುಗೀತು? ಕಂಪ್ಯೂಟರಿನ ಮೇಲೆ ಗೋಣಿಚೀಲ ಮುಚ್ಚಿದೆ. ಮಾವನಿಗೆ ಈ ಸುದ್ದಿ ಹೇಳಲಿಲ್ಲ.

ಅತ್ತ ಅವರದು ಮುಂದೆ ಹೋಗುತ್ತಲೇ ಇತ್ತು. ಶುರುವಿನಲ್ಲಿ ಬಲಕ್ಕೆ ತಿರುಗಿದಾಗಲೆಲ್ಲ ವಿಮಾನ ಮೂಗು ಕೆಳಗೆ ಮಾಡಿ ಬೀಳುತ್ತಿತ್ತು. ಆ ರವಿವಾರಗಳಲ್ಲಿ ನಾನು ಎರಡು ರೊಟ್ಟಿ ಹೆಚ್ಚು ತಿಂದಿದ್ದೇನೆ. ಆಮೇಲೆ ಮಾವ, ಎಂಜಿನ್ನೇ ದೊಡ್ಡ ಬುಗುರಿಯಂತೆ ತಿರುಗುವಾಗ ಅದು ತನ್ನ ಹಟ ತೋರಿಸದೆ ಬಿಡುವುದಿಲ್ಲ, ಬಾಲವನ್ನು ದೊಡ್ಡದು ಮಾಡು ಎಂದರಂತೆ. ಅದೂ ಸರಿಹೋಯಿತು. ಅಂಥ ಎಂಜಿನ್ನಿಗೆ ಆ ಕಾಲದಲ್ಲಿ ಔಡಲೆಣ್ಣೆ ಹಾಕುತ್ತಿದ್ದರು ಎಂದು ಷಡ್ಡಕ ಎಲ್ಲಿಯೋ ಓದಿ ಹೇಳಿದ. ಮಾವನಿಗೆ ಅದು ಬಹಳ ಹಿಡಿಸಿತು. ಬಂದವರಿಗೆಲ್ಲ, "ಪಾಮನಕಲ್ಲೂರು ಹೊಲದ ಬದುವಿನ ಔಡಲದಾಗ ವಿಮಾನ ಹಾರ್ಯಾವ, ಗೊತ್ತೇನ್ರಿ?" ಎನ್ನತೊಡಗಿದರು. ಅವರ ಮುಖದಲ್ಲಿ ರಕ್ತ ಆಡುತ್ತಿತ್ತು. ಎರಡು ವರ್ಷ ನಾನು ತಂದ ಯಾವ ಟ್ರ್ಯಾಕ್ಟರೂ ಆ ಕೆಲಸ ಮಾಡಿರಲಿಲ್ಲ. ಅದನ್ನು ನೋಡಿ ನಾನು ಸಂತೋಷಪಡಬೇಕಿತ್ತು.

ದಸರೆಗೆ ಎಂಜಿನ್ ತಯಾರಾಯಿತು. ನೆಲದ ಮೇಲೆ ನಿಲ್ಲಿಸಿ ಓಡಿಸಿ ನೋಡಿ, ಒಂದಿಷ್ಟೂ ತಡವರಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದರು. ವಿಜಯದಶಮಿಯ ಮುಂಜಾನೆ ಎಲ್ಲರ ಮುಂದೆ ಮೊದಲ ಸಲ ಹಾರಿಸುವುದು ಎಂದು ಮಾವ ಸಾರಿದರು. ಹಿಂದಿನ ದಿನ ಆಯುಧ ಪೂಜೆ. ಎರಡೂ ಸಂಸಾರ ಲಿಂಗಸುಗೂರಿನಲ್ಲಿ ಸೇರಿದ್ದೆವು. ಪಡಸಾಲೆಯಲ್ಲಿ ಮಾವನ ಸ್ಪ್ಯಾನರುಗಳು, ಜಾಕು, ಅತ್ತೆಯ ಈಳಿಗೆ, ಬೀಸುವ ಕಲ್ಲು, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಆ ಸಾಲಿನಲ್ಲಿ, ಮಾವನ ದೊಡ್ಡ ಸ್ಪ್ಯಾನರಿನ ಪಕ್ಕಕ್ಕೆ, ಕುಂಕುಮ ಹಚ್ಚಿಸಿಕೊಂಡು ಚೆಂಡುಹೂ ಹೊತ್ತು ಷಡ್ಡಕನ ಲ್ಯಾಪ್‌ಟಾಪ್ ಕೂತಿತ್ತು. ಹದಿನೆಂಟು ವರ್ಷದಿಂದ ನಾನು ನನ್ನ ಸುತ್ತಿಗೆ ಇಟ್ಟು ಆರತಿ ಬೆಳಗುತ್ತಿದ್ದ ಜಾಗ ಅದು.

ನಮ್ಮಲ್ಲಿ ಪೂಜೆಗೆ ಇಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವುದಿಲ್ಲ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದರು. ನಾನು ಹೂ ಪಕ್ಕಕ್ಕೆ ಇಟ್ಟು ಲ್ಯಾಪ್‌ಟಾಪ್ ತೆರೆದೆ.

ಎಲ್ಲಿ ಕೈ ಹಾಕಬೇಕೆಂದು ನನಗೆ ಗೊತ್ತಿತ್ತು. ಟೈಮಿಂಗ್ ಗೇರು. ಯಾವ ಸಿಲಿಂಡರಿನ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಎರಡು ಹಲ್ಲುಚಕ್ರಗಳು ಅವು. ಒಂದು ಹಲ್ಲು ತಪ್ಪಿಸಿ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ನೆಲದ ಮೇಲೆ ಓಡುತ್ತದೆ, ಭಾರ ಬಿದ್ದ ಕೂಡಲೇ ದಮ್ಮು ಬಿಡುತ್ತದೆ. ಚಕ್ರ ಬಿಚ್ಚಿದೆ, ಒಂದು ಹಲ್ಲು ಸರಿಸಿದೆ, ಕೂರಿಸಿದೆ. ಕೈ ತನ್ನ ಕೆಲಸ ತಾನೇ ಮಾಡಿತು, ಐದು ನಿಮಿಷವೂ ಹಿಡಿಯಲಿಲ್ಲ. ಮುಚ್ಚಿ, ಹೂವನ್ನು ಇದ್ದ ಹಾಗೆಯೇ ಇಟ್ಟು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಳ್ಳಲ್ಲ. ಸಂಜೆ ಅತ್ತೆ, "ಹೂವು ಯಾಕ ಬಾಡೇತಿ?" ಎಂದದ್ದಕ್ಕೇ ಬೆವತೆ.

ಮರುದಿನ ಮುಂಜಾನೆ ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಕುಳಿತೆವು. ಮಾವ ಮಡಿ ಧೋತ್ರ ಉಟ್ಟಿದ್ದರು. ಅತ್ತೆ ಕಾಯಿ ಒಡೆಸಿದರು. ಷಡ್ಡಕ ಸ್ಟಾರ್ಟ್ ಮಾಡಿದ. ಸಿಲಿಂಡರುಗಳು ಪಂಖದೊಂದಿಗೆ ತಿರುಗಿ ಒಂದೇ ಬಳೆಯಂತೆ ಕಂಡವು. ಮಾವ ತಲೆ ವಾರೆ ಮಾಡಿ ಸದ್ದು ಕೇಳಿ ಹುಬ್ಬು ಗಂಟಿಕ್ಕಿದರು. ಆ ಹುಬ್ಬು ನನಗೆ ಗೊತ್ತು. ವಿಮಾನ ಓಡಿತು, ಚಕ್ರ ನೆಲ ಬಿಟ್ಟಿತು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ತಾಳೆಮರದ ಎತ್ತರ ಏರಿದ್ದೇ ತಡ, ಎಂಜಿನ್ ಕೆಮ್ಮಿತು. ವಿಮಾನ ಒಂದು ರೆಕ್ಕೆ ಇಳಿಬಿಟ್ಟು ಬಂದು ನೆಲಕ್ಕೆ ಬಿತ್ತು. ನನ್ನೊಳಗೆ ಹಾಲು ಕುಡಿದಷ್ಟು ತಂಪಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ಟೈಮಿಂಗ್ ಗೇರು ದೊಡ್ಡದು ಮಾಡಿ ತೋರ್ಸು," ಎಂದರು ಮಾವ.

ಷಡ್ಡಕ ಚಿತ್ರವನ್ನು ಹತ್ತಿರ ತಂದ. ಪರದೆಯ ತುಂಬ ಎರಡು ಹಲ್ಲುಚಕ್ರ. ಎರಡರ ಅಂಚಿಗೂ ಒಂದೊಂದು ಬಿಳಿ ಬೊಟ್ಟು ಇತ್ತು. ಎದುರುಬದುರು ಇರಲಿಲ್ಲ, ಒಂದು ಹಲ್ಲಿನಷ್ಟು ಸರಿದಿದ್ದವು.

ನಾನು ಯಾವಾಗ ಇಟ್ಟೆ? ಆಮೇಲೆ ನೆನಪಾಯಿತು. ಚಕ್ರ ಬಿಚ್ಚುವ ಮೊದಲು ನನ್ನ ಬೆರಳು ಬಣ್ಣದ ಡಬ್ಬಿಯ ಗುರುತು ಒತ್ತಿ, ಬಿಳಿ ಆರಿಸಿ, ಇತ್ತ ಒಂದು ಅತ್ತ ಒಂದು ಇಟ್ಟಿತ್ತು. ಕೆಡಿಸಲು ಹೋದವನೂ ಬೊಟ್ಟಿಟ್ಟು ಕೆಡಿಸಿದ್ದೆ.

ಮಾವ ಆ ಬೊಟ್ಟುಗಳನ್ನು ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ. ನಂತರ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, "ತಪ್ಪು ನಂದಾ," ಎಂದರು. "ಹಲ್ಲು ನಾನಾ ತಪ್ಪಿಸಿ ಹೇಳೀನಿ. ಕೈ ಹೋತು, ಈಗ ತಲಿನೂ ಹೋತು. ಸಾಕು, ಮುಚ್ಚಿಡಲೇ ಮಾಸ್ತರ. ಇನ್ನ ನನಗ ಎಂಜಿನ್ ಬ್ಯಾಡ."

ಅತ್ತೆ ಕೈಯಲ್ಲಿದ್ದ ಕಾಯಿ ಹೋಳು ಹಾಗೇ ಹಿಡಿದು ನಿಂತರು. ಎಂಜಿನ್ನಿನ ವಿಷಯದಲ್ಲಿ ಈ ಮನುಷ್ಯ ತಪ್ಪು ನಂದು ಎಂದದ್ದನ್ನು ಅವರೂ ಕೇಳಿರಲಿಲ್ಲ. ಷಡ್ಡಕ ನಿಜವಾಗಿಯೂ ಮುಚ್ಚಲು ಕೈ ಹಾಕಿದ.

ನಾನು ಸುಮ್ಮನಿದ್ದಿದ್ದರೆ ನನಗೆ ಬೇಕಾದದ್ದೆಲ್ಲ ಆಗುತ್ತಿತ್ತು. ವಿಮಾನ ಹೋಯಿತು, ಲ್ಯಾಪ್‌ಟಾಪ್ ಮಸ್ಕಿಗೆ ಹೋಗುತ್ತಿತ್ತು, ರವಿವಾರ ಮತ್ತೆ ನನ್ನದಾಗುತ್ತಿತ್ತು. ಆದರೆ ನಾನು ಬೀಳಿಸಬೇಕೆಂದದ್ದು ಷಡ್ಡಕನನ್ನು, ಬಿದ್ದವರು ಅವರು. ಇನ್ನು ಯಾವ ಟ್ರ್ಯಾಕ್ಟರಿನ ಸುದ್ದಿ ತಂದರೂ ಅವರು ಕೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

"ತಪ್ಪು ಉಸ್ತಾದರದಲ್ಲ," ಎಂದೆ. ಎಷ್ಟು ವರ್ಷವಾಗಿತ್ತು ಆ ಮಾತು ನನ್ನ ಬಾಯಿಗೆ ಬಂದು. "ನಂದು. ನಿನ್ನಿ ನೀವೆಲ್ಲಾ ಮಕ್ಕೊಂಡಾಗ ನಾನಾ ಬಿಚ್ಚಿ ಹಲ್ಲು ಸರಿಸೀನಿ. ಹೊಟ್ಟಿಕಿಚ್ಚಿಗೆ."

ಹೆಂಡತಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಷಡ್ಡಕ, "ಅಣ್ಣಾ, ಪೂಜಿಗಿಟ್ಟಿದ್ದನ್ನ?" ಎಂದಷ್ಟೇ ಕೇಳಿದ.

ಮಾವ ಈಗ ನನ್ನ ಕಡೆ ತಿರುಗಿದರು. "ಬೊಟ್ಟು ನೋಡಿದಾಗಾ ಗೊತ್ತಾತು. ಈ ಮನಿಯಾಗ ಹಂಗ ಬೊಟ್ಟು ಇಡಾಂವ ಇನ್ಯಾರದಾನ? ನಿನ್ನ ಬಾಯಿಂದ ಬರ್ಲಿ ಅಂತ ಸುಮ್ಮನಿದ್ದೆ." ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಗಲ್ಲ ಎತ್ತಿ ಲ್ಯಾಪ್‌ಟಾಪ್ ತೋರಿಸಿದರು. "ಏನ್ ನೋಡ್ತೀ? ಬೊಟ್ಟಿಗೆ ಬೊಟ್ಟು ಕೂಡಿಸಲೇ!"

ನಾನು ಮೌಸು ಹಿಡಿದೆ. ಚಕ್ರ ಬಿಚ್ಚಿ, ಒಂದು ಹಲ್ಲು ಹಿಂದಕ್ಕೆ ತಿರುಗಿಸಿ, ಬೊಟ್ಟಿಗೆ ಬೊಟ್ಟು ಕೂಡಿಸಿ ಕೂರಿಸಿದೆ. ಕಣ್ಣು ತುಂಬಿ ಎರಡು ಬೊಟ್ಟು ನಾಲ್ಕಾಗಿ ಕಾಣುತ್ತಿದ್ದವು. ಷಡ್ಡಕ ಮತ್ತೆ ಸ್ಟಾರ್ಟ್ ಮಾಡಿದ. ಈ ಸಲ ವಿಮಾನ ತಾಳೆಮರ ದಾಟಿತು, ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು, ಒಂದು ಸುತ್ತು ಹಾಕಿ ಮೆತ್ತಗೆ ಇಳಿಯಿತು. ಅತ್ತೆ ಎಲ್ಲರ ಕೈಗೂ ಕಾಯಿ ಹೋಳು ಕೊಟ್ಟರು, ನನಗೂ ಕೊಟ್ಟರು.

ಮಾವ ಪರದೆಯ ಮೇಲೆ ಎಡಗೈಯ ಬೆರಳಿಟ್ಟು ಷಡ್ಡಕನಿಗೆ ಹೇಳಿದರು: "ನೋಡ್ರಿ ಮಾಸ್ತರ, ಬೊಟ್ಟು ಹಿಂಗ ಇಡಬೇಕ್ರಿ. ಇಂವಾ ನನ್ನ ಕೈಯಾಗ ಪಳಗಿದಾಂವ."

ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ಹೊತ್ತು. ಷಡ್ಡಕ ತಾನಾಗಿಯೇ ನನ್ನ ಬಳಿ ಬಂದ. ನಾನು ಅವನ ಕಾಲು ಮುಟ್ಟಲು ಬಗ್ಗಿದೆ, ಅವನು ಹಿಂದೆ ಸರಿದು ತಡೆದ. ಇಬ್ಬರೂ ಎಲೆ ಬದಲಿಸಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದೆವು. ನಾನು ತಪ್ಪಾಯಿತು ಎಂದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನ ಕಣ್ಣು ಕಟ್ಟೆಯ ಮೇಲೆ ಕುಳಿತಿದ್ದ ಮಾವನ ಮೇಲಿತ್ತು.

"ಅಣ್ಣಾ," ಎಂದ ಸಣ್ಣ ದನಿಯಲ್ಲಿ, "ಮುಂಜಾನಿಂದ ಉಸ್ತಾದ್ ನನಗ ರೀ ಅನ್ನಾಕತ್ತಾರ."

ಅವನ ಮುಖ ನೋಡಿದೆ. ಆ ಮುಖದ ಪರಿಚಯ ನನಗಿತ್ತು. ಯುಗಾದಿಯಿಂದ ದಸರೆಯವರೆಗೆ ಕನ್ನಡಿಯಲ್ಲಿ ನೋಡಿದ್ದು ಅದನ್ನೇ. ಇದು ಇವತ್ತೊಂದು ದಿನದ್ದು, ನಾಳೆಗೆ ನಿನಗೂ ಲೇ ಅಂತಾರೆ ಬಾ ಎಂದು ಅವನಿಗೆ ಹೇಳಬಹುದಿತ್ತು. ಹೇಳಬೇಕು ಎಂದು ಬಾಯಿಯವರೆಗೂ ಬಂತು. ಹೇಳಲಿಲ್ಲ. ಆ ಒಂದು ಸಂಜೆಯಾದರೂ ನನ್ನೊಬ್ಬನಿಗೇ ಇರಲಿ ಎಂದು, ಅವನು ಕೊಟ್ಟ ಬನ್ನಿಯನ್ನು ಜೇಬಿಗೆ ಹಾಕಿಕೊಂಡು ಮಾವನ ಪಕ್ಕಕ್ಕೆ ಹೋಗಿ ಕುಳಿತೆ.